ಯುದ್ಧ ಕಂಡ ಜೀಪು ಯಾವುದು?

ಬಾನೆಟ್ ಮೇಲೆ ಬಿಳಿ ನಕ್ಷತ್ರ, ಮೈತುಂಬ ಮಿಲಿಟರಿ ಹಸಿರು, ಹಿಂಬದಿಗೆ ಕಟ್ಟಿದ ಪೆಟ್ರೋಲ್ ಕ್ಯಾನು. ಇಷ್ಟಿದ್ದರೆ ಸಾಕು, ಅದನ್ನು ‘ಎರಡನೇ ಮಹಾಯುದ್ಧದ ಜೀಪು’ ಎಂದು ಮಾರುವವರಿದ್ದಾರೆ. ನಂಬಿ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರೂ ಇದ್ದಾರೆ. ನಕ್ಷತ್ರವನ್ನು ಯಾವ ಪೇಂಟರ್ ಆದರೂ ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತಾನೆ. ಅಮೆರಿಕದ ಕಾರ್ಖಾನೆಯಲ್ಲಿ 1942ರಲ್ಲೋ 1943ರಲ್ಲೋ ತಯಾರಾಗಿ, ಹಡಗೇರಿ ಬಂದು, ಬರ್ಮಾ ಗಡಿಯ ಕೆಸರು ತುಳಿದ ಗಾಡಿಯ ಗುರುತು ಬಣ್ಣದಲ್ಲಿ ಇರುವುದಿಲ್ಲ. ಅದು ಚಾಸಿಯ ಮೇಲೆ, ಎಂಜಿನ್ ಬ್ಲಾಕಿನ ಮೇಲೆ, ಕೆಲವೊಮ್ಮೆ ಒಂದು ಬೋಲ್ಟಿನ ತಲೆಯ ಮೇಲೆ ಇರುತ್ತದೆ.

ಅಂಥ ಗಾಡಿಗಳು ನಮ್ಮ ದೇಶದಲ್ಲಿ ಇನ್ನೂ ಉಳಿದಿವೆ. ಬೇರೆ ಎಂಜಿನ್, ಬೇರೆ ಬಾಡಿ ಹೊತ್ತು, ಶೆಡ್ಡುಗಳಲ್ಲಿ, ಗ್ಯಾರೇಜಿನ ಹಿತ್ತಲುಗಳಲ್ಲಿ ಗುರುತೇ ಸಿಗದಂತೆ ನಿಂತಿವೆ. ಹಳೆಯ ಶಾಸನವನ್ನು ಓದಲು ಹೋದವರು ಕಲ್ಲನ್ನು ಮೊದಲೇ ಉಜ್ಜಿ ಹೊಳಪು ಕೊಡುವುದಿಲ್ಲ. ಅಕ್ಷರ ಎಲ್ಲಿದೆ ಎಂದು ಹುಡುಕುತ್ತಾರೆ. ಯುದ್ಧಕಾಲದ ವಾಹನವನ್ನು ಮತ್ತೆ ಎದ್ದು ನಿಲ್ಲಿಸುವ ಕೆಲಸವೂ ಹಾಗೆಯೇ ಶುರುವಾಗಬೇಕು.

49 ದಿನಗಳ ಗಡುವು

1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಮರು ತಿಂಗಳೇ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಒಂದು ಹಗುರ ಗಾಡಿ ಬೇಕೆಂದು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಷರತ್ತಿಗೆ ಒಪ್ಪಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟರು. 1940ರ ಸೆಪ್ಟೆಂಬರ್ 23ರಂದು ಮೊದಲ ಗಾಡಿ ಮೇರಿಲ್ಯಾಂಡಿನ ಹೊಲಾಬರ್ಡ್ ಸೇನಾ ನೆಲೆಗೆ ತಲುಪಿತು.

ಬ್ಯಾಂಟಮ್ ಚಿಕ್ಕ ಕಂಪನಿ. ಸೇನೆಗೆ ಬೇಕಾದಷ್ಟು ಗಾಡಿ ಮಾಡಿಕೊಡುವ ಶಕ್ತಿ ಅದಕ್ಕಿಲ್ಲ ಎಂದು ಸೇನೆ ಅದರ ವಿನ್ಯಾಸವನ್ನು ಒಹಾಯೊದ ಟೊಲೆಡೊ ನಗರದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಗೂ ಫೋರ್ಡ್‌ಗೂ ತೋರಿಸಿತು. ವಿಲ್ಲೀಸ್ ಬಳಿ ಬಾರ್ನಿ ರೂಸ್ ಎಂಬ ಎಂಜಿನಿಯರ್ ಪಳಗಿಸಿದ 2.2 ಲೀಟರಿನ, 60 ಅಶ್ವಶಕ್ತಿಯ ‘ಗೋ ಡೆವಿಲ್’ ಎಂಜಿನ್ ಇತ್ತು. ಉಳಿದಿಬ್ಬರ ಎಂಜಿನ್ ಅದರ ಮುಂದೆ ನಿಲ್ಲಲಿಲ್ಲ. 1941ರ ಜುಲೈನಲ್ಲಿ ದೊಡ್ಡ ಗುತ್ತಿಗೆ ವಿಲ್ಲೀಸ್‌ಗೆ ಸಿಕ್ಕಿತು. ಅದರ ಗಾಡಿಯೇ ವಿಲ್ಲೀಸ್ ಎಂಬಿ. ಬೇಡಿಕೆ ಏರಿದಾಗ ಅದೇ ವಿನ್ಯಾಸದ ಗಾಡಿಯನ್ನು ಫೋರ್ಡ್ ಕೂಡ ಮಾಡತೊಡಗಿತು; ಅದರ ಹೆಸರು ಫೋರ್ಡ್ ಜಿಪಿಡಬ್ಲ್ಯು. 1945ರ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ದವು. ಮೊದಲು ದಾರಿ ತೋರಿದ ಬ್ಯಾಂಟಮ್ ಕಂಪನಿಗೆ ಕೊನೆಗೆ ದಕ್ಕಿದ್ದು ಜೀಪಿನ ಹಿಂದೆ ಎಳೆಯುವ ಟ್ರೈಲರ್ ತಯಾರಿಕೆ.

ಎರಡು ಬೇರೆ ಕಂಪನಿಗಳ ಗಾಡಿಯಾದರೂ ಒಂದರ ಭಾಗ ಇನ್ನೊಂದಕ್ಕೆ ಕೂರಬೇಕು ಎನ್ನುವುದು ಸೇನೆಯ ಕಟ್ಟುನಿಟ್ಟಿನ ಷರತ್ತು. ಯುದ್ಧಭೂಮಿಯಲ್ಲಿ ಮೂರು ಕೆಟ್ಟ ಜೀಪುಗಳಿಂದ ಒಂದು ಓಡುವ ಜೀಪನ್ನು ಮಾಡಿಕೊಳ್ಳಬಹುದಿತ್ತು. ಜೀಪು ಗೆದ್ದದ್ದು ಈ ಗುಣದಿಂದ. ಇಂದು ಅಸಲಿ ಜೀಪು ಹುಡುಕುವವರಿಗೆ ಅತಿ ದೊಡ್ಡ ತೊಡಕಾಗಿರುವುದೂ ಇದೇ ಗುಣ.

ನಮ್ಮಲ್ಲಿಗೆ ಬಂದ ಬಗೆ

ಬ್ರಿಟನ್‌ಗೂ ಅದರ ಅಧೀನದ ಸೇನೆಗಳಿಗೂ ಅಮೆರಿಕ ಲೆಂಡ್-ಲೀಸ್ ಒಪ್ಪಂದದಡಿ ಜೀಪು ಕೊಟ್ಟಿತು. ಭಾರತದ ನೆಲದಲ್ಲಿದ್ದ ಅಮೆರಿಕದ ಪಡೆಗಳು ತಮ್ಮದೇ ಗಾಡಿಗಳನ್ನು ತಂದವು. 1944ರಲ್ಲಿ ಇಂಫಾಲ, ಕೊಹಿಮಾಗಳ ಕದನದಲ್ಲಿ, ಬಳಿಕ ಬರ್ಮಾದೊಳಕ್ಕೆ ನುಗ್ಗಿದ ಬ್ರಿಟಿಷರ ಹದಿನಾಲ್ಕನೇ ಸೇನೆಯಲ್ಲಿ ಜೀಪು ಮದ್ದುಗುಂಡು ಸಾಗಿಸಿತು, ಗಾಯಾಳುಗಳನ್ನು ಹೊತ್ತಿತು. ಬರ್ಮಾದಲ್ಲಿ ಜೀಪಿಗೆ ರೈಲು ಗಾಲಿ ತೊಡಿಸಿ, ಹಳಿಯ ಮೇಲೆ ಬೋಗಿ ಎಳೆಸಿದ್ದೂ ಉಂಟು. ಅಸ್ಸಾಮಿನ ಲೇಡೊದಿಂದ ಚೀನಾದ ಕುನ್ಮಿಂಗ್‌ವರೆಗೆ ಕಾಡು ಕಡಿದು ತೆರೆದ ಸುಮಾರು 1,700 ಕಿ.ಮೀ. ದಾರಿಯಲ್ಲಿ 1945ರಲ್ಲಿ ಲಾರಿಗಳ ಜೊತೆ ಜೀಪುಗಳೂ ಸಾಲಾಗಿ ಹೋದವು.

ಯುದ್ಧ ಮುಗಿಯಿತು. ಇಷ್ಟೊಂದು ಸಾಮಾನನ್ನು ವಾಪಸು ಒಯ್ಯುವುದಕ್ಕಿಂತ ಇಲ್ಲೇ ವಿಲೇವಾರಿ ಮಾಡುವುದು ಅಗ್ಗ ಎನಿಸಿತು. ಜೀಪುಗಳು ಸರ್ಕಾರಿ ಇಲಾಖೆಗಳಿಗೆ, ಹೊಸ ಭಾರತದ ಸೇನೆಗೆ, ಹರಾಜಿನಲ್ಲಿ ಖಾಸಗಿಯವರಿಗೆ ಹೋದವು. ಗುಡ್ಡ, ಕೆಸರು, ಏರು ಇದ್ದಲ್ಲೆಲ್ಲ ಅವಕ್ಕೆ ಕೆಲಸ ಸಿಕ್ಕಿತು. ಮಲೆನಾಡು, ಕೊಡಗಿನ ತೋಟಗಳಲ್ಲಿ ಜೀಪು ಮನೆಯ ಸದಸ್ಯನಂತೆ ನೆಲೆಗೊಂಡ ಕಾಲಕ್ಕೆ ದಾರಿ ತೆರೆದದ್ದು ಈ ಯುದ್ಧದ ಗಾಡಿಗಳೇ.

ಇದೇ ಹೊತ್ತಿಗೆ ಮಹೀಂದ್ರ ಕಂಪನಿ ವಿಲ್ಲೀಸ್ ಜೊತೆ ಒಪ್ಪಂದ ಮಾಡಿಕೊಂಡು 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಮುಂದೆ ಇಲ್ಲಿಯೇ ತಯಾರಿಸಿತು. ಈ ನಾಗರಿಕ ಜೀಪುಗಳು ಯುದ್ಧದ ಜೀಪಿನ ಸಂತತಿಯೇ ಆದ್ದರಿಂದ ಅವುಗಳ ಎಷ್ಟೋ ಭಾಗ ಹಳೆಯ ಗಾಡಿಗೂ ಹೊಂದುತ್ತಿದ್ದವು. ಗೇರ್ ಹೋದರೆ ಮಹೀಂದ್ರ ಗೇರ್, ಬಾನೆಟ್ ತುಕ್ಕು ಹಿಡಿದರೆ ಮಹೀಂದ್ರ ಬಾನೆಟ್. ಪೆಟ್ರೋಲ್ ದುಬಾರಿಯಾದಾಗ ಮೂಲ ಎಂಜಿನ್ ಕೆಳಗಿಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ತಂದರು. ಹರಿಯಾಣದ ಮಂಡಿ ಡಬ್ವಾಲಿಯಲ್ಲಂತೂ ಹಳೆಯ ಜೀಪುಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಡುವುದೇ ಊರಿನ ಕಸುಬಾಯಿತು. ಗಾಡಿಗಳು ಬದುಕಿದ್ದು ಈ ರಿಪೇರಿಯಿಂದಲೇ. ಯಾರನ್ನೂ ದೂರುವಂತಿಲ್ಲ. ಆದರೆ ಪ್ರತಿ ರಿಪೇರಿಯೂ ಮೂಲದ ಒಂದೊಂದು ಪುರಾವೆಯನ್ನು ಗುಜರಿಗೆ ಕಳಿಸಿತು.

ಗುರುತು ಹಿಡಿಯುವುದು

ಮೊದಲು ಮುಖ ನೋಡಬೇಕು. ಯುದ್ಧದ ಬಹುಪಾಲು ಜೀಪುಗಳ ಜಾಲರಿಯಲ್ಲಿ ಒಂಬತ್ತು ಸೀಳು. ಯುದ್ಧಾನಂತರದ ನಾಗರಿಕ ಜೀಪಿನಲ್ಲಿ ಏಳು. ವಿಲ್ಲೀಸ್ ಮಾಡಿದ ಮೊದಲ 25 ಸಾವಿರದಷ್ಟು ಗಾಡಿಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದ ಜಾಲರಿ ಇತ್ತು. ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡುವ ಹಗುರ ಜಾಲರಿ ಫೋರ್ಡ್‌ನ ಕೊಡುಗೆ. ವಿಲ್ಲೀಸ್ ಕೂಡ ಅದನ್ನೇ ಬಳಸಿತು. ಪಟ್ಟಿ ಜಾಲರಿಯ ಜೀಪು ಇಂದು ಬಹಳ ಅಪರೂಪ.

ಹೆಡ್‌ಲೈಟುಗಳು ಚಿಕ್ಕವು, ಜಾಲರಿಯ ಹಿಂದೆ ಸ್ವಲ್ಪ ಒಳಗೆ ಕೂತಿರುತ್ತವೆ. ತಿರುಪು ಸಡಿಲಿಸಿ ಅವನ್ನು ಹಿಂದಕ್ಕೆ ಮಗುಚಿದರೆ ಬೆಳಕು ಎಂಜಿನ್ ಮೇಲೆ ಬೀಳುತ್ತದೆ. ರಾತ್ರಿ ರಿಪೇರಿಗೆಂದು ಮಾಡಿದ ಏರ್ಪಾಡು ಅದು. ಹಿಂದೆ ಇಳಿಸುವ ಬಾಗಿಲಿಲ್ಲ. ಸ್ಟೆಪ್ನಿ ಮತ್ತು ಕ್ಯಾನು ಕೂರುವುದು ಅಲ್ಲೇ. ಮುಂಗಾಜು ಎರಡು ಹೋಳು, ಇಡೀ ಚೌಕಟ್ಟು ಬಾನೆಟ್ ಮೇಲೆ ಮಡಚುತ್ತದೆ. ಚಾಲಕನ ಪಕ್ಕದ ಬಾಡಿಯ ಹೊರಮೈಯಲ್ಲಿ ಕೊಡಲಿ, ಸಲಿಕೆ ಸಿಗಿಸುವ ತಗ್ಗುಗಳಿರುತ್ತವೆ. ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಅಡಿಯಲ್ಲಿದೆ.

ಬಾಡಿಯನ್ನು ಬದಲಾಯಿಸಬಹುದು, ಆದ್ದರಿಂದ ಅಷ್ಟಕ್ಕೇ ನಂಬುವಂತಿಲ್ಲ. ಕೆಳಗೆ ಬಗ್ಗಿ ಚಾಸಿ ನೋಡಬೇಕು. ರೇಡಿಯೇಟರಿನ ಕೆಳಗೆ ಎರಡು ಬದಿಯ ಕಂಬಿಗಳನ್ನು ಜೋಡಿಸುವ ಅಡ್ಡಪಟ್ಟಿ ದುಂಡಗಿನ ಕೊಳವೆಯಾಗಿದ್ದರೆ ಅದು ವಿಲ್ಲೀಸ್. ಬೋರಲು ಹಾಕಿದ ಪೆಟ್ಟಿಗೆಯಾಕಾರದ ತಗಡಾಗಿದ್ದರೆ ಫೋರ್ಡ್. ವಿಲ್ಲೀಸ್‌ನಲ್ಲಿ ಚಾಸಿ ನಂಬರು ಎಡಗಡೆಯ ಕಂಬಿಯ ಒಳಮೈಯಲ್ಲಿ, ಮುಂದಿನ ಬಂಪರಿನ ಹಿಂದೆ, ರಿವೆಟ್ ಹೊಡೆದ ಸಣ್ಣ ಪಟ್ಟಿಯ ಮೇಲಿರುತ್ತದೆ. ಪಟ್ಟಿ ಕಳಚಿಹೋಗಿದ್ದರೆ ರಿವೆಟ್ಟಿನ ತೂತುಗಳಾದರೂ ಉಳಿದಿರುತ್ತವೆ. ಫೋರ್ಡ್‌ನಲ್ಲಿ ನಂಬರನ್ನು ಎಡ ಕಂಬಿಯ ಮೇಲ್ಮೈಗೇ ಕೆತ್ತಿದ್ದಾರೆ, ಎಂಜಿನ್ ಕೂರುವ ಜಾಗದ ಆಸುಪಾಸಿನಲ್ಲಿ. ಬಣ್ಣ, ಗ್ರೀಸು, ತುಕ್ಕಿನ ಪದರದಡಿ ಅದು ಮುಚ್ಚಿರುತ್ತದೆ. ಗ್ರೈಂಡರ್ ಹಿಡಿದರೆ ಅಕ್ಷರವೇ ಅಳಿಸಿಹೋಗುತ್ತದೆ. ದ್ರಾವಕ ಹಚ್ಚಿ, ಬಟ್ಟೆ ಮತ್ತು ಮೃದು ಬ್ರಷ್ಷಿನಿಂದ ತಾಳ್ಮೆಯಿಂದ ತೆಗೆಯಬೇಕು.

ಫೋರ್ಡ್ ಇನ್ನೊಂದು ಉಪಕಾರ ಮಾಡಿದೆ. ತಾನು ಮಾಡಿದ ಭಾಗಗಳ ಮೇಲೆ, ಬೋಲ್ಟಿನ ತಲೆಯಿಂದ ಹಿಡಿದು ಬ್ರಾಕೆಟ್ಟುಗಳವರೆಗೆ, ‘ಎಫ್’ ಅಕ್ಷರ ಒತ್ತಿದೆ. ಅದರ ಎಂಜಿನ್ ನಂಬರಿನ ಮುಂದೆ ‘ಜಿಪಿಡಬ್ಲ್ಯು’ ಎಂದಿದ್ದರೆ ವಿಲ್ಲೀಸ್‌ನಲ್ಲಿ ‘ಎಂಬಿ’ ಎಂದಿರುತ್ತದೆ. ಕಾರ್ಖಾನೆಯಿಂದ ಬರುವಾಗ ಫೋರ್ಡ್‌ನಲ್ಲಿ ಚಾಸಿಗೂ ಎಂಜಿನ್ನಿಗೂ ಒಂದೇ ನಂಬರು. ವಿಲ್ಲೀಸ್‌ನಲ್ಲಿ ಎರಡೂ ಬೇರೆ ಬೇರೆ. ಇದು ಗೊತ್ತಿಲ್ಲದೆ ‘ನಂಬರು ಹೊಂದುತ್ತಿಲ್ಲ’ ಎಂದು ಒಳ್ಳೆಯ ವಿಲ್ಲೀಸನ್ನು ಬಿಟ್ಟುಬಂದವರಿದ್ದಾರೆ. ಎಂಜಿನ್ನಿನ ಒಳಗೂ ಒಂದು ಸಾಕ್ಷಿ ಇದೆ. ಯುದ್ಧಕಾಲದ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನು. ಯುದ್ಧಾನಂತರದ ಎಂಜಿನ್ನುಗಳಲ್ಲಿ ಆ ಜಾಗಕ್ಕೆ ಗೇರ್ ಬಂತು.

ವಿಲ್ಲೀಸ್ ಚಾಸಿಯ ಮೇಲೆ ಫೋರ್ಡ್ ಎಂಜಿನ್ ಸಿಕ್ಕಿದರೆ ಬೇಸರ ಬೇಡ. ಯುದ್ಧದ ನಡುವೆ ಸೇನೆಯ ಡಿಪೊಗಳಲ್ಲೇ ಎಂಜಿನ್ ಬದಲಾಗುತ್ತಿತ್ತು. ಅದೂ ಆ ಗಾಡಿಯ ನಿಜವಾದ ಚರಿತ್ರೆಯ ಭಾಗವಾಗಿರಬಹುದು. ಎಚ್ಚರ ಬೇಕಾದದ್ದು ಹೊಸ ಹಿತ್ತಾಳೆ ಪಟ್ಟಿಗಳ ಬಗ್ಗೆ. ಡ್ಯಾಶ್‌ಬೋರ್ಡಿನ ಮಾಹಿತಿ ಫಲಕಗಳ ನಕಲು ಯಾರಿಗೆ ಬೇಕಾದರೂ ಸಿಗುತ್ತದೆ. ಫಲಕದ ತಾರೀಕು, ಚಾಸಿ ನಂಬರು, ಆರ್‌ಸಿ ಪುಸ್ತಕ ಮೂರೂ ಒಂದೇ ಕಥೆ ಹೇಳುತ್ತವೆಯೇ ಎಂದು ತಾಳೆ ನೋಡದೆ ಮುಂಗಡ ಕೊಡಬಾರದು.

ಬಿಚ್ಚುವ ಮುನ್ನ

ಗಾಡಿ ಗ್ಯಾರೇಜಿಗೆ ಬಂದ ದಿನವೇ ಮೇಸ್ತ್ರಿಗೆ ಕೈ ತುರಿಸುತ್ತದೆ. ಮಾಲೀಕರಿಗೆ ಹೊಸ ಬಣ್ಣ ನೋಡುವ ಆಸೆ. ಅದನ್ನು ತಡೆದು ಮೊದಲು ಮಾಡಬೇಕಾದದ್ದು ದಾಖಲೆ. ಪ್ರತಿ ಮೂಲೆಯ ಫೋಟೊ, ಪ್ರತಿ ತೂತಿನ ಅಳತೆ, ಪ್ರತಿ ವೈರಿನ ದಾರಿ ಬರೆದಿಡಬೇಕು. ಬಿಚ್ಚಿದ ಬೋಲ್ಟು, ವಾಷರು ಯಾವ ಜಾಗದ್ದೆಂದು ಚೀಟಿ ಕಟ್ಟಿ ಇಡಬೇಕು. ಅಮೆರಿಕದ ಸೇನೆ 1944ರಲ್ಲಿ ಹೊರಡಿಸಿದ ಟಿಎಂ 9-803 ಎಂಬ ಕೈಪಿಡಿ ವಿಲ್ಲೀಸ್, ಫೋರ್ಡ್ ಎರಡಕ್ಕೂ ಅನ್ವಯಿಸುತ್ತದೆ. ಅದರ ಮರುಮುದ್ರಣ ಸಿಗುತ್ತದೆ. ಅದನ್ನು ಓದದೆ ಸ್ಪ್ಯಾನರ್ ಹಿಡಿಯಬಾರದು.

ಬಣ್ಣದ ಪದರಗಳು ಒಂದು ದೊಡ್ಡ ದಾಖಲೆ. ಬಾನೆಟ್ಟಿನ ಬದಿಯನ್ನು ನೀರು ಕಾಗದದಿಂದ ಪದರ ಪದರವಾಗಿ ಹಗುರವಾಗಿ ಉಜ್ಜುತ್ತಾ ಹೋದರೆ ಮೇಲಿನ ಎನಾಮೆಲ್, ಅದರ ಕೆಳಗೆ ಸರ್ಕಾರಿ ಇಲಾಖೆಯ ಬಣ್ಣ, ಅದರ ಕೆಳಗೆ ಮೂಲದ ಹೊಳಪಿಲ್ಲದ ಆಲಿವ್ ಹಸಿರು ಕಾಣಿಸಬಹುದು. ಅದೃಷ್ಟವಿದ್ದರೆ ಆ ಹಸಿರಿನ ಮೇಲೆ ಸೇನೆ ಬರೆದ ನಂಬರೂ ಸಿಗುತ್ತದೆ. ಅಮೆರಿಕದ ಸೇನೆ ಮೊದಮೊದಲು ಈ ನಂಬರನ್ನು ಮಂಕು ನೀಲಿಯಲ್ಲಿ, ಆಮೇಲೆ ಬಿಳಿಯಲ್ಲಿ ಬರೆಯುತ್ತಿತ್ತು. ಬ್ರಿಟಿಷ್ ಸೇನೆಯ ಜೀಪುಗಳಿಗೆ ‘ಎಂ’ ಅಕ್ಷರದಿಂದ ಶುರುವಾಗುವ ಬೇರೆಯೇ ನಂಬರು. ಯಾವ ಸೇನೆಯಲ್ಲಿ ದುಡಿದ ಗಾಡಿ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಗಾಡಿಯನ್ನು ನೇರವಾಗಿ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಟ್ಟರೆ ಈ ಉತ್ತರ ಒಂದು ಗಂಟೆಯಲ್ಲಿ ಮಣ್ಣುಪಾಲಾಗುತ್ತದೆ.

ಕೈ ಕಪ್ಪಾಗುವ ಕೆಲಸ

ಜೀಪಿನ ಬಾಡಿ ತುಕ್ಕು ಹಿಡಿಯುವ ಜಾಗಗಳು ಅನುಭವಸ್ಥರಿಗೆ ಬಾಯಿಪಾಠ. ನೆಲದ ತಗಡಿಗೆ ಬಲ ಕೊಡಲೆಂದು ಕೆಳಗೆ ಟೊಪ್ಪಿಯಾಕಾರದ ಉಕ್ಕಿನ ಪಟ್ಟಿಗಳನ್ನು ಬೆಸೆದು, ಅವುಗಳೊಳಗೆ ಮರದ ರೀಪು ತುಂಬಿದ್ದಾರೆ. ಆ ಮರ ನೀರು ಕುಡಿದು ಒಣಗುವುದೇ ಇಲ್ಲ. ಉಕ್ಕು ಒಳಗಿನಿಂದಲೇ ಸವೆಯುತ್ತದೆ. ಪೆಟ್ರೋಲ್ ಟ್ಯಾಂಕು ಕೂರುವ ಗುಂಡಿ, ಹಿಂದಿನ ಚಕ್ರಗಳ ಮೇಲಿನ ಟೂಲ್ ಬಾಕ್ಸುಗಳು ಇದೇ ಪಾಡಿಗೆ ಬರುತ್ತವೆ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ದಪ್ಪದ ತಗಡಿನಿಂದ ತೇಪೆ ಬೆಸೆಯುವುದು ನಿಧಾನದ ಕೆಲಸ. ಫಿಲಿಪ್ಪೀನ್ಸ್‌ನಲ್ಲಿ ತಯಾರಾದ ಹೊಸ ಬಾಡಿಯನ್ನೇ ತರಿಸಿ ಕೂರಿಸುವವರಿದ್ದಾರೆ. ಅದು ಸುಲಭ. ಆದರೆ ಮೂಲ ಬಾಡಿಯ ಅರ್ಧದಷ್ಟಾದರೂ ಗಟ್ಟಿಯಾಗಿದ್ದರೆ ಅದನ್ನು ಉಳಿಸುವುದೇ ಸರಿ ಎಂದು ನಾನು ನಂಬಿದ್ದೇನೆ. ಪುಟ್ಟಿ ಮೆತ್ತಿ ಮುಚ್ಚಿದ ತೂತು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಯಿ ಬಿಡುತ್ತದೆ.

ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲೇ, ಬ್ಲಾಕಿನೊಳಗೇ ಇವೆ. ವರ್ಷಗಟ್ಟಲೆ ಕಾದು ಕಾದು ವಾಲ್ವ್ ಸೀಟಿನಿಂದ ಸಿಲಿಂಡರಿನತ್ತ ಬಿರುಕು ಓಡುವುದು ಇದರ ಸಾಮಾನ್ಯ ಕಾಯಿಲೆ. ಬೋರಿಂಗ್‌ಗೆ ದುಡ್ಡು ಸುರಿಯುವ ಮೊದಲು ಬ್ಲಾಕಿಗೆ ಒತ್ತಡದ ಪರೀಕ್ಷೆ ಮಾಡಿಸಬೇಕು. ವಿದ್ಯುತ್ ವ್ಯವಸ್ಥೆ ಮೂಲದಲ್ಲಿ 6 ವೋಲ್ಟಿನದು. ಕಡಿಮೆ ವೋಲ್ಟಿಗೆ ಹೆಚ್ಚು ಕರೆಂಟು ಹರಿಯಬೇಕಾದ್ದರಿಂದ ದಪ್ಪ ಕೇಬಲ್ಲು, ಶುದ್ಧವಾದ ಅರ್ಥಿಂಗ್ ಅನಿವಾರ್ಯ. ‘ಸಿಕ್ಸ್ ವೋಲ್ಟ್ ಸೆಲ್ಫ್ ಎಳೆಯೋಲ್ಲ’ ಎಂದು ದೂರುವ ಬಹುಪಾಲು ಗಾಡಿಗಳಲ್ಲಿ ದೋಷವಿರುವುದು ತೆಳು ಕೇಬಲ್ಲಿನಲ್ಲಿ.

ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. 1940ರ ದಶಕದ ರಬ್ಬರಿಗೆ ಅದು ಆಗದು. ಪಂಪಿನ ಡಯಾಫ್ರಂ, ಪೈಪು, ಸೀಲುಗಳನ್ನು ಎಥನಾಲ್ ತಾಳುವ ಹೊಸವಕ್ಕೆ ಬದಲಾಯಿಸಲೇಬೇಕು. ಬ್ರೇಕು ನಾಲ್ಕೂ ಚಕ್ರಕ್ಕೆ ಒಂದೇ ಕೊಳವೆಯ ಜಾಲ. ಒಂದು ಕಡೆ ಸೋರಿದರೆ ಪೂರಾ ಬ್ರೇಕು ಹೋಯಿತು. ಇಲ್ಲಿ ಹಳೆಯದನ್ನು ಉಳಿಸುವ ಹಟ ಸಲ್ಲದು.

ಜೀವಕ್ಕೆ ಕುತ್ತಾಗುವ ಮೂರು ಸಂಗತಿಗಳಿವೆ. ಹಳೆಯ ಬ್ರೇಕ್ ಲೈನಿಂಗ್, ಕ್ಲಚ್, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಮಾಡಿ ಒರೆಸಬೇಕು. ಯುದ್ಧಕಾಲದ ಹಲವು ಮಾಪಕಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಂಥದ್ದನ್ನು ಬಿಚ್ಚಿ ಕೆರೆಯಬಾರದು. ಜೀಪಿನ ‘ಕಾಂಬ್ಯಾಟ್’ ಚಕ್ರ ಎರಡು ಹೋಳುಗಳನ್ನು ಬೋಲ್ಟಿನಿಂದ ಬಿಗಿದು ಮಾಡಿದ್ದು. ಟೈರಿನ ಗಾಳಿ ಪೂರ್ತಿ ಬಿಡದೆ ಆ ಬೋಲ್ಟು ಸಡಿಲಿಸಿದರೆ ಹೋಳು ಸಿಡಿಯುತ್ತದೆ. ಟಯರ್ ಅಂಗಡಿಯ ಹುಡುಗರಿಗೆ ಇದು ತಿಳಿದಿರುವುದಿಲ್ಲ. ಮಾಲೀಕರೇ ಹತ್ತಿರ ನಿಂತು ಹೇಳಬೇಕು.

ಬೆಂಗಳೂರು ಕಲಿಸಿದ ಪಾಠ

ಗುಜರಿಯಿಂದ ಯುದ್ಧದ ಯಂತ್ರವನ್ನು ಮತ್ತೆ ಎಬ್ಬಿಸುವ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ಯುದ್ಧದ ಕೊನೆಗೆ ಕಾನ್ಪುರದಲ್ಲಿ ಅಮೆರಿಕ ನಿರ್ಮಿತ ಲಿಬರೇಟರ್ ಬಾಂಬರ್ ವಿಮಾನಗಳನ್ನು ಇನ್ನೆಂದೂ ಹಾರದಂತೆ ಜಖಂ ಮಾಡಿ ಬಿಟ್ಟುಹೋಗಿದ್ದರು. 1948ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯವರು ಅವುಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಅಲ್ಲಿಂದ ಹಾರಿಸಿಕೊಂಡೇ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಸುಮಾರು ನಲವತ್ತು ವಿಮಾನಗಳು ಭಾರತೀಯ ವಾಯುಪಡೆ ಸೇರಿ 1968ರವರೆಗೆ ದುಡಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳಲ್ಲಿ ಉಳಿದಿರುವ ಲಿಬರೇಟರ್‌ಗಳಲ್ಲಿ ಕೆಲವು ಹೀಗೆ ಬೆಂಗಳೂರಿನಲ್ಲಿ ಮರುಹುಟ್ಟು ಪಡೆದವು.

ಅದೇ 1948ರಲ್ಲಿ ಕಾಶ್ಮೀರದ ಯುದ್ಧದ ತುರ್ತಿಗೆಂದು ಲಂಡನ್ನಿನ ಭಾರತೀಯ ಹೈಕಮಿಷನ್ ಮೂಲಕ ‘ದುರಸ್ತಿ ಮಾಡಿದ’ ಹಳೆಯ ಜೀಪುಗಳನ್ನು ತರಿಸಲು ಒಪ್ಪಂದವಾಯಿತು. ಬಂದ 155 ಜೀಪುಗಳು ಬಳಕೆಗೆ ಯೋಗ್ಯವಿರಲಿಲ್ಲ. ಜೀಪು ಹಗರಣವೆಂದೇ ಹೆಸರಾದ ಆ ಪ್ರಕರಣವನ್ನು ಸರ್ಕಾರ 1955ರಲ್ಲಿ ಮುಕ್ತಾಯಗೊಳಿಸಿತು. ಒಂದು ಕಡೆ ಪ್ರತಿ ಭಾಗವನ್ನೂ ಪರೀಕ್ಷಿಸಿ ಮಾಡಿದ ದುರಸ್ತಿ, ಇನ್ನೊಂದು ಕಡೆ ಹೆಸರಿಗೆ ಮಾತ್ರ ದುರಸ್ತಿ. ಇಂದು ಹಳೆಯ ಜೀಪು ಕೊಳ್ಳುವವರ ಮುಂದೆಯೂ ಈ ಎರಡೇ ಬಗೆಗಳಿವೆ.

ಒಂದು ಭೇದವನ್ನು ಮಾತ್ರ ಮರೆಯಬಾರದು. 1948ರಲ್ಲಿ ಯಂತ್ರ ಬೇಕಾಗಿದ್ದದ್ದು ಬಳಕೆಗೆ. ಹತ್ತು ವಿಮಾನದ ಭಾಗ ಸೇರಿಸಿ ಒಂದನ್ನು ಹಾರಿಸಿದ್ದು ಸರಿಯಾಗಿಯೇ ಇತ್ತು. ಇಂದು ಯುದ್ಧದ ಜೀಪನ್ನು ಯಾರೂ ಪೇಟೆಯಿಂದ ಗೊಬ್ಬರ ತರಲು ರಿಪೇರಿ ಮಾಡಿಸುವುದಿಲ್ಲ. ಈಗ ಅದರ ಬೆಲೆ ಇರುವುದು ಅದು ಹೇಳುವ ಸಾಕ್ಷ್ಯದಲ್ಲಿ. ಆದ್ದರಿಂದ ಯಾವ ಭಾಗ ಮೂಲದ್ದು, ಯಾವುದು ಮಹೀಂದ್ರದ್ದು, ಯಾವುದನ್ನು ನಿನ್ನೆ ಲೇತಿನಲ್ಲಿ ಮಾಡಿಸಿದ್ದು ಎಂದು ಬರೆದಿಟ್ಟು, ಕೇಳಿದವರಿಗೆ ಬಚ್ಚಿಡದೆ ಹೇಳುವುದು ಮಾಲೀಕರ ಕರ್ತವ್ಯ. ಮಹೀಂದ್ರ ಗೇರ್ ಬಾಕ್ಸ್ ಇದ್ದರೆ ನಾಚಿಕೆಯಿಲ್ಲ. ಅದನ್ನು ಯುದ್ಧದ್ದೆಂದು ಹೇಳುವುದು ತಪ್ಪು.

ಕಾನೂನು ಏನು ಹೇಳುತ್ತದೆ

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿ ಏರ್ಪಡಿಸಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಭಾರಿ ಮಾರ್ಪಾಡಾಗದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ನವೀಕರಣಕ್ಕೆ 5,000 ರೂಪಾಯಿ. ನಂಬರು ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಬರುತ್ತದೆ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಇಂಧನ ತುಂಬಿಸುವುದು, ಇಷ್ಟಕ್ಕೇ ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅನುಮತಿಯಿಲ್ಲ. ಮೂಲ ರೂಪ ಉಳಿಸಿಕೊಳ್ಳುವುದು ಬರೀ ಹವ್ಯಾಸಿಗಳ ಹಟವಲ್ಲ, ಕಾನೂನಿನ ಷರತ್ತೂ ಹೌದು ಎಂಬುದನ್ನು ಡೀಸೆಲ್ ಎಂಜಿನ್ ಕೂರಿಸಹೊರಟವರು ಗಮನಿಸಬೇಕು.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಗಳು ನಮ್ಮ ನಾಡಿನಲ್ಲಿ ಹಳೆಯ ವಾಹನಗಳಿಗೆ ಗೌರವದ ಜಾಗ ಕೊಟ್ಟಿವೆ. ಆದರೆ ಎಲ್ಲ ಗಾಡಿಗಳೂ ಸಂಗ್ರಹಾಲಯ ಸೇರಲಾರವು. ಬಹಳಷ್ಟು ಮನೆಯವರ ಕೈಯಲ್ಲೇ ಉಳಿಯಬೇಕು.

ನಿಮ್ಮ ಮನೆಯ ಶೆಡ್ಡಿನಲ್ಲಿ, ನೆಂಟರ ತೋಟದಲ್ಲಿ ಅಂಥದ್ದೊಂದು ಹಳೆಯ ಜೀಪು ನಿಂತಿದ್ದರೆ ನನ್ನದೊಂದು ಕೋರಿಕೆ. ಗುಜರಿಯವನಿಗೆ ಫೋನು ಮಾಡುವ ಮೊದಲು ಜಾಲರಿಯ ಸೀಳು ಎಣಿಸಿ. ಎಡಗಡೆಯ ಕಂಬಿಯ ಗ್ರೀಸು ಒರೆಸಿ ನಂಬರು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಗಾಡಿಯನ್ನು ಯಾರಿಂದ, ಯಾವಾಗ ಕೊಂಡದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಅವರ ಮಾತನ್ನು ಬರೆದಿಡಿ. ಹಳೆಯ ಆರ್‌ಸಿ, ಹರಾಜಿನ ರಸೀದಿ ಸಿಕ್ಕಿದರೆ ಜೋಪಾನ ಮಾಡಿ. ಮಾರಲೇಬೇಕಾದರೆ ಬಿಡಿಭಾಗವಾಗಿ ಮಾರಬೇಡಿ. ಇಡೀ ಗಾಡಿಯನ್ನು, ಈ ಕಾಗದಪತ್ರಗಳ ಸಮೇತ, ಅದರ ಬೆಲೆ ತಿಳಿದವರಿಗೆ ಕೊಡಿ.